ಅಮ್ಮನ ಲ್ಯಾಪ್‌ಟಾಪಿನಲ್ಲಿ ಉಬುಂಟು ತಾನೇ ಅಪ್‌ಡೇಟ್ ಆಗ್ತಿದೆಯಾ? ಮೂರು ವರ್ಷದ ಅನುಭವ

ಶಿರಸಿಯಲ್ಲಿ ಅಮ್ಮ ಬಳಸುವ ಹಳೇ ಲ್ಯಾಪ್‌ಟಾಪಿಗೆ ಮೂರು ವರ್ಷದ ಹಿಂದೆ ಉಬುಂಟು 22.04 ಹಾಕಿಕೊಟ್ಟೆ (ಉಬುಂಟು ಅಂದರೆ ವಿಂಡೋಸ್ ಥರದ್ದೇ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್, 22.04 ಅದರ ಆವೃತ್ತಿ). ಅವಳ ಬ್ಯಾಂಕ್ ಕೆಲಸ ಎಲ್ಲ ಅದರಲ್ಲೇ. ನಾನಿರುವುದು ಬೆಂಗಳೂರಿನಲ್ಲಿ. ಹಾಗಾಗಿ ಭದ್ರತೆಯ ಅಪ್‌ಡೇಟ್‌ಗಳು ಯಾರೂ ಮುಟ್ಟದೆ ತಾವೇ ಕೂರಬೇಕಿತ್ತು. ಅದಕ್ಕೆಂದೇ ಉಬುಂಟು ಜೊತೆ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಬರುತ್ತದೆ. ಆನ್ ಇದೆಯಾ ಅಂತ ನೋಡಿ, ನೆಮ್ಮದಿಯಿಂದ ಬಸ್ ಹತ್ತಿದೆ.

ದೀಪಾವಳಿಗೆ ಹೋದಾಗ ಲಾಗ್ (ಯಾವಾಗ ಏನು ಇನ್‌ಸ್ಟಾಲ್ ಆಯಿತು ಅಂತ ಬರೆದಿಡುವ ಫೈಲ್) ತೆರೆದು ನೋಡಿದರೆ ಎರಡು ತಿಂಗಳಿಂದ ಏನೂ ಇನ್‌ಸ್ಟಾಲ್ ಆಗಿರಲಿಲ್ಲ! ಕಾರಣ ಹುಡುಕಲು ಇಡೀ ಮಧ್ಯಾಹ್ನ ಹೋಯಿತು. ಅಮ್ಮ ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ವೈರ್ ತೆಗೆದಿಟ್ಟು ಬಳಸುತ್ತಾಳೆ. ಬ್ಯಾಟರಿಯಲ್ಲಿದ್ದಾಗ ಈ ಅಪ್‌ಡೇಟ್ ಓಡುವುದಿಲ್ಲ. ಜೊತೆಗೆ ಅವಳ ನೆಟ್ ಮೊಬೈಲ್ ಹಾಟ್‌ಸ್ಪಾಟಿನದು. ಡೇಟಾ ಮಿತಿ ಇರುವ ಸಂಪರ್ಕ ಅನಿಸಿದರೆ ಅದು ಸುಮ್ನೆ ಬಿಟ್ಟುಬಿಡುತ್ತದೆ. ಎರಡೂ ಒಳ್ಳೆಯ ಉದ್ದೇಶದ ನಿಯಮಗಳೇ. ಆದರೆ ಹಳ್ಳಿ ಕಡೆಯ ಬಳಕೆಗೆ ಎರಡೂ ಒಟ್ಟಿಗೆ ಅಡ್ಡ ಬಂದವು.

ಸೆಟ್ಟಿಂಗ್ ಫೈಲಿನಲ್ಲಿ ಡೇಟಾ ಮಿತಿಯ ಸಾಲನ್ನು 'ಫಾಲ್ಸ್' ಮಾಡಿದೆ, ಅಂದರೆ ಆ ನಿಯಮ ಆಫ್. ಬ್ಯಾಟರಿಯದನ್ನು ಮುಟ್ಟಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ಗೊತ್ತಲ್ವಾ, ಇನ್‌ಸ್ಟಾಲ್ ನಡುವೆ ಚಾರ್ಜ್ ಮುಗಿದು ಲ್ಯಾಪ್‌ಟಾಪ್ ಆಫ್ ಆಗುವುದು ಬೇಡ. ಬದಲಿಗೆ ಬೆಳಗಿನ ತಿಂಡಿ ಹೊತ್ತಿಗೆ ಚಾರ್ಜರ್ ಹಾಕಿ, ನೆಟ್ ಆನ್ ಮಾಡಿಡಲು ಅಮ್ಮನಿಗೆ ಹೇಳಿದೆ. ಆಮೇಲೆ ಲಾಗ್ ಒಮ್ಮೆಯೂ ಇಷ್ಟು ದಿನ ಖಾಲಿ ಬಿದ್ದಿಲ್ಲ. ರಾತ್ರಿ ಆಫ್ ಮಾಡಿದರೂ ತೊಂದರೆಯಿಲ್ಲ, ತಪ್ಪಿದ ಸರದಿ ಮಾರನೇ ದಿನ ಆನ್ ಮಾಡಿದ ಮೇಲೆ ಓಡುತ್ತದೆ. ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಬದಲಾದಾಗ ರೀಸ್ಟಾರ್ಟ್ ಬೇಕು, ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುವುದರಲ್ಲಿ ಅದೂ ಆಗಿಹೋಗುತ್ತದೆ.

ಇನ್ನೊಂದು ವಿಷಯ. ಉಬುಂಟುವಿನದಲ್ಲದ ಹೊರಗಿನ ರೆಪೊಸಿಟರಿಯಿಂದ (ಸಾಫ್ಟ್‌ವೇರ್ ಸಂಗ್ರಹದಿಂದ) ಹಾಕಿದ ಕ್ರೋಮ್‌ನಂಥವು ಮೊದಲೇ ಇರುವ ಸೆಟ್ಟಿಂಗ್‌ನಲ್ಲಿ ಇದರ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿಗೆ ಬಳಸುವ ಬ್ರೌಸರೇ ಹಳತಾದರೆ ಉಳಿದದ್ದು ಹೊಸದಾಗಿ ಏನು ಉಪಯೋಗ? ಅಮ್ಮನಿಗೆ ಫೈರ್‌ಫಾಕ್ಸ್ ಅಭ್ಯಾಸ ಮಾಡಿಸಿದ್ದೇನೆ. 22.04ರಲ್ಲಿ ಅದು ಸ್ನ್ಯಾಪ್ (ತಾನೇ ಅಪ್‌ಡೇಟ್ ಆಗುವ ಬೇರೆ ಬಗೆಯ ಪ್ಯಾಕೇಜ್) ಆಗಿ ಬರುವುದರಿಂದ ಬೇರೆ ದಾರಿಯಲ್ಲಿ ತಾನೇ ಹೊಸದಾಗುತ್ತದೆ.

22.04ಕ್ಕೆ ಮಾಮೂಲಿ ಬೆಂಬಲ 2027ರವರೆಗೆ. ಹೆಚ್ಚುವರಿ ವರ್ಷಗಳ ಬೆಂಬಲ ಕೊಡುವ ಯೋಜನೆಯಾದ ಉಬುಂಟು ಪ್ರೊ ಸ್ವಂತ ಬಳಕೆಯ 5 ಕಂಪ್ಯೂಟರ್‌ಗಳಿಗೆ ಉಚಿತ, ಅದಕ್ಕೆ ಸೇರಿದರೆ 2032ರವರೆಗೆ ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಮಾಡಿಕೊಟ್ಟು ಬರುತ್ತೇನೆ.