46 ದಿನ ಒಂದು ಪ್ರಾರ್ಥನೆ ಆಪ್ ಜೊತೆ

2025ರ ತಪಸ್ಸುಕಾಲಕ್ಕೆ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳಿಗೆ, ನಾನು ಬಿಡಬೇಕು ಅಂದುಕೊಂಡಿದ್ದು ಫೋನನ್ನು. ಕೊನೆಗೆ ಮಾಡಿದ್ದು ಅದೇ ಫೋನಿಗೆ ಇನ್ನೊಂದು ಆಪ್ ಹಾಕಿಕೊಂಡಿದ್ದು. ನಗಬೇಡಿ. ಎಷ್ಟೋ ವರ್ಷಗಳಿಂದ ನನ್ನ ಪ್ರಾರ್ಥನೆ ಬಾಯಿಪಾಠದ ಹಾಗೆ ಆಗಿಬಿಟ್ಟಿತ್ತು. ತುಟಿ ಅದರ ಪಾಡಿಗೆ ಅದು ಆಡುತ್ತಿತ್ತು, ಮನಸ್ಸು ನಾಳೆಯ ಕೆಲಸ ಲೆಕ್ಕ ಹಾಕುತ್ತಿತ್ತು. ಯಾರಾದರೂ ದಿನಾ ಕೈ ಹಿಡಿದು ಕೂರಿಸಲಿ ಅನ್ನಿಸಿತು. ಆಪ್ ಹೆಸರು ಹೇಳೋದಿಲ್ಲ. ಹೊಗಳಿಕೆಗಿಂತ ದೂರೇ ಸ್ವಲ್ಪ ಜಾಸ್ತಿ ಇದೆ, ಅದಕ್ಕೆ.

ಮೊದಲ ದಿನವೇ ಎಡವಟ್ಟು. ಮಾರ್ಚ್ 5, ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸುಕಾಲ ಶುರುಮಾಡುವ ದಿನ. ಅವತ್ತಿನ ಶುಭಸಂದೇಶ, ಅಂದರೆ ಪೂಜೆಯಲ್ಲಿ ಓದುವ ಯೇಸುವಿನ ಬದುಕು-ಬೋಧನೆಯ ಬೈಬಲ್ ಭಾಗ, ಮತ್ತಾಯನ ಆರನೇ ಅಧ್ಯಾಯದ್ದು. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಪ್ರಾರ್ಥನೆಗೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೋ, ಉಪವಾಸ ಇದ್ದಾಗ ಮುಖ ತೊಳೆದುಕೋ, ಬೇರೆಯವರಿಗೆ ಗೊತ್ತಾಗೋದು ಬೇಡ ಅಂತ ಯೇಸುಸ್ವಾಮಿ ಹೇಳುವ ಭಾಗ. ಪೂಜೆ ಮುಗಿಸಿ ಬಂದು ಆಪ್ ತೆರೆದರೆ ಎದುರಿಗೇ ಒಂದು ದೊಡ್ಡ ಬಟನ್: ಹಣೆಯ ಬೂದಿಯ ಸೆಲ್ಫಿ ಹಾಕಿ, ನಿಮ್ಮ ಪಯಣ ಹಂಚಿಕೊಳ್ಳಿ. ಮುಖ ತೊಳೆದುಕೋ ಅಂತ ಕೇಳಿಸಿಕೊಂಡು ಇನ್ನೂ ಒಂದು ಗಂಟೆ ಆಗಿರಲಿಲ್ಲ! ಇದನ್ನು ಮಾಡಿದವರು ಆ ದಿನದ ವಾಚನ ಓದಿದ್ದಾರೋ ಇಲ್ಲವೋ ಅಂತ ಅನುಮಾನ ಬಂತು.

ಆದರೂ ತೆಗೆದುಹಾಕಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಬೆಳಿಗ್ಗೆ ಆಪ್‌ನಲ್ಲಿ ಒಂದು ಆಡಿಯೊ ಇರುತ್ತದೆ. ಹನ್ನೆರಡು ನಿಮಿಷ. ಆ ದಿನದ ಶುಭಸಂದೇಶ ಓದುತ್ತಾರೆ, ಆಮೇಲೆ ಸಣ್ಣ ಚಿಂತನೆ, ಆಮೇಲೆ ಮೂರು ನಿಮಿಷ ಏನೂ ಇಲ್ಲ. ಹಿನ್ನೆಲೆಯಲ್ಲಿ ಕೊಳಲಿಲ್ಲ, ಹಕ್ಕಿಯಿಲ್ಲ, ನೀರು ಹರಿಯುವ ಸದ್ದಿಲ್ಲ. ಬರೀ ಮೌನ. ಮೊದಲ ದಿನ ಫೋನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ತಟ್ಟಿ ನೋಡಿದೆ. ಎರಡನೇ ವಾರಕ್ಕೆ ಆ ಮೂರು ನಿಮಿಷಕ್ಕೋಸ್ಕರವೇ ಏಳುತ್ತಿದ್ದೆ. ಚಿಂತನೆ ಮಾತ್ರ ಒಂದೊಂದು ದಿನ ಒಂದೊಂದು ಥರ. ಏಪ್ರಿಲ್ 6ರಂದು, ಕಲ್ಲೆಸೆಯಲು ಎಳೆದುತಂದ ಹೆಂಗಸಿನ ಕಥೆ ಬಂತು. ಯೇಸು ಬಗ್ಗಿ ನೆಲದ ಮೇಲೆ ಬೆರಳಿಂದ ಏನೋ ಬರೆಯುತ್ತಾರಲ್ಲ, ಅದು ಏನು ಅಂತ ಆ ಶುಭಸಂದೇಶ ಬರೆದ ಯೊವಾನ್ನ ಹೇಳುವುದೇ ಇಲ್ಲ. ಆಪ್‌ನಲ್ಲಿ ಮಾತಾಡುವವರಿಗೆ ಮಾತ್ರ ಅಕ್ಷರ ಅಕ್ಷರ ಗೊತ್ತಿತ್ತು.

ರಾತ್ರಿಯದು ಇನ್ನೂ ಒಳ್ಳೆಯದು. ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ದಿನದ ಆತ್ಮಪರೀಕ್ಷೆ. ಆತ ಮೊದಲು ಸಿಪಾಯಿ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಮನಸ್ಸು ತಿರುಗಿದವರು. ಐದು ಹೆಜ್ಜೆ: ದೇವರಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ನಡೆದದ್ದನ್ನು ಒಂದೊಂದಾಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ಪ್ರತಿ ಹೆಜ್ಜೆಗೆ ಒಂದು ಪ್ರಶ್ನೆ ಕೇಳುತ್ತದೆ, ಉತ್ತರ ಟೈಪ್ ಮಾಡಬೇಕು. ಒಂದು ಪ್ರಶ್ನೆ ಹೀಗಿತ್ತು: ಇವತ್ತು ಯಾರನ್ನು ತಪ್ಪಿಸಿಕೊಂಡು ಓಡಾಡಿದೆ? ಸುಮ್ನೆ ಬರೆಯುತ್ತಾ ಹೋದೆ. ವಾರ ಕಳೆದ ಮೇಲೆ ಹಳೆಯ ಉತ್ತರಗಳನ್ನು ಒಟ್ಟಿಗೆ ತೋರಿಸುತ್ತದೆ. ಏಳು ದಿನದಲ್ಲಿ ಐದು ಸಲ ಒಂದೇ ಹೆಸರು. ನನ್ನ ತಂಗಿಯದು. ಎರಡು ವರ್ಷದಿಂದ ನಮಗೆ ಮಾತಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಮಾತು ಅವಳು ಅಂದಳು, ಎರಡು ನಾನು ಅಂದೆ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೆ ನನ್ನದೇ ಕೈಯಲ್ಲಿ ಬರೆದಿದ್ದನ್ನು ಐದು ಸಲ ಸಾಲಾಗಿ ನೋಡಿದಾಗ ಬೇರೆ ಥರ ಕಾಣಿಸುತ್ತದೆ.

ಇನ್ನು ದೂರು. ಈ ಆಪ್ ದಿನ ಎಣಿಸುತ್ತದೆ. ಎಷ್ಟು ದಿನ ಬಿಡದೆ ಬಂದಿರಿ ಅಂತ ಮೇಲೊಂದು ಸಣ್ಣ ದೀಪ, ಅದರ ಪಕ್ಕ ಅಂಕಿ. ಬೂದಿ ಬುಧವಾರದಿಂದ ಪಾಸ್ಖದ (ಈಸ್ಟರ್) ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಆರು ಭಾನುವಾರ ಬಿಟ್ಟರೆ 40. ಭಾನುವಾರ ಪುನರುತ್ಥಾನದ ದಿನ, ಉಪವಾಸದ ಲೆಕ್ಕಕ್ಕೆ ಅದನ್ನು ಸೇರಿಸುವುದಿಲ್ಲ. ಇದು ಉಪದೇಶ ತರಗತಿಯಲ್ಲಿ ಮಕ್ಕಳೂ ಕಲಿಯುವ ವಿಷಯ. ಆಪ್‌ಗೆ ಮಾತ್ರ ಗೊತ್ತಿಲ್ಲ. ಮೂರನೇ ಭಾನುವಾರ, ಮಾರ್ಚ್ 23ರಂದು ಪೂಜೆಗೆ ಹೋಗಿದ್ದೆ, ಇಡೀ ದಿನ ಮನೆಯವರ ಜೊತೆ ಇದ್ದೆ, ಆಪ್ ಮುಟ್ಟಲಿಲ್ಲ. ಸೋಮವಾರ ನೋಡಿದರೆ 18 ಇದ್ದದ್ದು ಸೊನ್ನೆ. ದೀಪವೂ ಆರಿಹೋಗಿತ್ತು.

ಆ ಭಾನುವಾರದ ಶುಭಸಂದೇಶ ಯಾವುದು ಗೊತ್ತಾ? ಹಣ್ಣು ಬಿಡದ ಅಂಜೂರದ ಮರ. ಮೂರು ವರ್ಷ ಕಾದೆ, ಕಡಿದುಹಾಕು ಅಂತಾನೆ ಯಜಮಾನ. ತೋಟಗಾರ, ಇದೊಂದು ವರ್ಷ ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂತಾನೆ. ಆಪ್ ನನಗೆ ಒಂದು ದಿನವೂ ಬಿಡಲಿಲ್ಲ. ನಾಚಿಕೆ ಏನಪ್ಪಾ ಅಂದ್ರೆ, ಆ ಸೊನ್ನೆ ನೋಡಿ ನನಗೆ ಆದ ಬೇಜಾರು, ತಂಗಿ ಹೆಸರು ಐದು ಸಲ ನೋಡಿದಾಗ ಆದದ್ದಕ್ಕಿಂತ ದೊಡ್ಡದಾಗಿತ್ತು. ಅವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿದೆ. ದೀಪವನ್ನು ಆಫ್ ಮಾಡಲು ದಾರಿಯೇ ಇಲ್ಲ.

ಹಂಚಿಕೊಳ್ಳುವ ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಹಳ ಜನ ಇದಕ್ಕೇ ಈ ಆಪ್ ಹಾಕಿಕೊಳ್ಳುತ್ತಾರೆ. ಆರು ಜನ ಅಪರಿಚಿತರನ್ನು ಸೇರಿಸಿ ಒಂದು ಗುಂಪು ಮಾಡುತ್ತದೆ. ನಿಮ್ಮ ವಿಶ್ವಾಸದ ಪಯಣ ಬರೆಯಿರಿ ಅಂತ ಮೂರು ಖಾನೆ ಕೊಡುತ್ತದೆ. ಮೊದಲು ನಾನು ಹೇಗಿದ್ದೆ. ತಿರುವು ಯಾವುದು. ಈಗ ನಾನು ಹೇಗಿದ್ದೇನೆ. ನಾನು ಕೂಸಾಗಿದ್ದಾಗ ಜ್ಞಾನಸ್ನಾನ (ಕ್ರೈಸ್ತರಾಗುವ ವಿಧಿ) ಆದವಳು. ದೇವಾಲಯ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಹಾಗಾಗಿ ವಾಪಸ್ ಬರಲೂ ಇಲ್ಲ. ಎರಡನೇ ಖಾನೆಗೆ ಏನು ಬರೆಯಲಿ? ಖಾಲಿ ಬಿಟ್ಟರೆ ಆಪ್ ಮುಂದಕ್ಕೆ ಬಿಡುವುದಿಲ್ಲ. ಒಂದು ಚುಕ್ಕಿ ಇಟ್ಟು ಮುಂದೆ ಹೋದೆ.

ಗುಂಪಿನಲ್ಲಿ ಕೆಲವರ ಬರಹ ಚೆನ್ನಾಗಿತ್ತು, ಆದರೆ ಇಸ್ತ್ರಿ ಮಾಡಿದ ಹಾಗಿತ್ತು. ಕಷ್ಟ ಬಂತು, ಮೊಣಕಾಲೂರಿದೆ, ಬೆಳಕು ಕಂಡೆ. ಒಬ್ಬರು ಮಾತ್ರ ಬೇರೆ. ಅವರು ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಹಬ್ಬದ ಹಿಂದಿನ ರಾತ್ರಿ, ಜ್ಞಾನಸ್ನಾನ ತೆಗೆದುಕೊಳ್ಳಬೇಕಿದ್ದವರು, ಇನ್ನೂ ಉಪದೇಶ ಕಲಿಯುತ್ತಿದ್ದರು. ತಪಸ್ಸುಕಾಲ ಮೊದಲಿಗೆ ರೂಪುಗೊಂಡಿದ್ದರಲ್ಲಿ ಇಂಥವರ ತಯಾರಿಯ ಪಾಲು ದೊಡ್ಡದು, ನಾವೆಲ್ಲ ಅದನ್ನು ಮರೆತುಬಿಡುತ್ತೇವೆ. ಅವರು ಎರಡು ಸಾಲಿಗಿಂತ ಜಾಸ್ತಿ ಬರೆದದ್ದೇ ಇಲ್ಲ. "ಇವತ್ತು ಪ್ರಾರ್ಥನೆ ಬರಲಿಲ್ಲ. ಕುರ್ಚಿ ಮೇಲೆ ಕೂತಿದ್ದೆ ಅಷ್ಟೇ." ಇನ್ನೊಂದು ದಿನ, "ವೈರಿಯನ್ನು ಪ್ರೀತಿಸು ಅಂದರೆ ಇಷ್ಟಪಡಬೇಕು ಅಂತಾನಾ?" ಆಪ್ ಅದರ ಕೆಳಗೆ ಹೃದಯದ ಚಿತ್ರ ಒತ್ತಿ ಅಂತ ಕೇಳುತ್ತಿತ್ತು. ನಾನು ಒತ್ತಲಿಲ್ಲ. ಅವರ ಸಾಲು ಓದಿದ ದಿನ ನನ್ನ ಮೂರು ನಿಮಿಷ ಚೆನ್ನಾಗಿ ಕಳೆಯುತ್ತಿತ್ತು.

ಮಾರ್ಚ್ 30, ನಾಲ್ಕನೇ ಭಾನುವಾರ. ಗುರುಗಳು ತಪಸ್ಸುಕಾಲದ ನೇರಳೆ ಬಿಟ್ಟು ಗುಲಾಬಿ ಬಣ್ಣದ ಉಡುಪು ಹಾಕಿದ್ದರು. ದುಂದುಗಾರ ಮಗನ ಕಥೆ: ಚಿಕ್ಕ ಮಗ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳುಮಾಡಿ ಮರಳುತ್ತಾನೆ, ಅಪ್ಪ ಹಬ್ಬ ಮಾಡುತ್ತಾನೆ. ಮೂರು ಖಾನೆಯ ಪಯಣ ಅಂದರೆ ಇದೇ ಅಲ್ವಾ, ಹೋದ, ಹಂದಿ ಕಾಯ್ದ, ವಾಪಸ್ ಬಂದ. ಆಪ್ ಅಂದುಕೊಂಡಿರುವುದು ಎಲ್ಲರೂ ಆ ಚಿಕ್ಕ ಮಗ ಅಂತ. ದೊಡ್ಡ ಮಗ ಹೊಲದಲ್ಲೇ ಇದ್ದ, ಹಬ್ಬದ ಸುದ್ದಿ ಕೇಳಿ ಕೋಪಗೊಂಡು ಹೊರಗೇ ನಿಂತ. ಅವನಿಗೂ ತಿರುವಿಲ್ಲ. ಅಪ್ಪ ಹೊರಗೆ ಬಂದು ಅವನನ್ನು ಒಳಗೆ ಬಾ ಅಂತ ಕರೆಯುತ್ತಾನೆ, ಅವನು ಬಂದನೋ ಇಲ್ಲವೋ ಹೇಳದೆ ಲೂಕ ಕಥೆ ಅಲ್ಲಿಗೇ ಬಿಟ್ಟುಬಿಡುತ್ತಾನೆ. ನನ್ನ ಖಾನೆಯಲ್ಲಿದ್ದ ಚುಕ್ಕಿ ನೆನಪಾಗಿ ನಗು ಬಂತು.

ಆ ವಾರ ತಂಗಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಅಕ್ಕಾ, ಯಾರಿಗೇನಾಯ್ತು?" ಏನೂ ಆಗಿಲ್ಲ ಕಣೇ, ಸುಮ್ನೆ ಮಾಡಿದೆ ಅಂದೆ. ನಾಲ್ಕು ನಿಮಿಷ ಅವಳ ಮಕ್ಕಳ ಪರೀಕ್ಷೆ ಬಗ್ಗೆ ಮಾತಾಡಿದೆವು. ಆಸ್ಪತ್ರೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ರಾತ್ರಿ ಉತ್ತರ ಬರೆದ ತಕ್ಷಣ ಆಪ್ ಕೇಳಿತು: ಇದು ನಿಮ್ಮ ತಿರುವೇ? ಹಂಚಿಕೊಳ್ಳುವಿರಾ? ಬೇಡ ಅಂತ ಒತ್ತಿದೆ. ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದೆ, ಅಲ್ಲಿ ಖಾನೆ ಇಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ ಅನ್ನೋದು ಬೇರೆ ಮಾತು.

ಹಾಗಾದರೆ ಹಾಕಿಕೊಳ್ಳಬಹುದಾ? ಪ್ರಾರ್ಥನೆಗೆ ಕೂರುವ ಅಭ್ಯಾಸ ತಪ್ಪಿಹೋಗಿದ್ದರೆ ಹಾಕಿಕೊಳ್ಳಿ. ಬೆಳಗಿನ ಆಡಿಯೊ, ರಾತ್ರಿಯ ಪ್ರಶ್ನೆಗಳು, ಇವೆರಡು ಸಾಕು. ಮೊದಲ ದಿನವೇ ನೋಟಿಫಿಕೇಶನ್ ಆಫ್ ಮಾಡಿ, ದೀಪ ಕಾಣುವ ಜಾಗಕ್ಕೆ ಕಣ್ಣು ಹಾಯಿಸಬೇಡಿ. ಈಗಾಗಲೇ ದಿನಾ ಕೂರುವವರಿಗೆ ಇದರಿಂದ ಹೊಸದೇನೂ ಸಿಗುವುದಿಲ್ಲ. ಐದಕ್ಕೆ ಮೂರು ಕೊಡುತ್ತೇನೆ. ಆ ಮೌನ ಇಲ್ಲದಿದ್ದರೆ ಒಂದೇ ಕೊಡುತ್ತಿದ್ದೆ.

ಕಳೆದ ಇನ್ನೊಂದು ಅಂಕ ಯಾತಕ್ಕೆ ಅಂದರೆ, ತಪಸ್ಸುಕಾಲಕ್ಕೆ ಇಷ್ಟೆಲ್ಲ ಮಾಡಿದವರು ಪಾಸ್ಖ ಕಾಲಕ್ಕೆ ಏನೂ ಮಾಡಿಲ್ಲ. ಅದು 50 ದಿನ, ತಪಸ್ಸುಕಾಲಕ್ಕಿಂತ ಉದ್ದ. ಉಪವಾಸಕ್ಕೆ ಜೊತೆಗಿದ್ದು ಹಬ್ಬಕ್ಕೆ ಎದ್ದು ಹೋದರೆ ಹೇಗೆ? ಏಪ್ರಿಲ್ 19ರ ರಾತ್ರಿ ಕತ್ತಲಲ್ಲಿ ಪಾಸ್ಖ ಮೇಣದಬತ್ತಿ ಹೊತ್ತಿಸಿ ಒಳಗೆ ತಂದಾಗ, ಎಲ್ಲೋ ಇನ್ನೊಂದು ದೇವಾಲಯದಲ್ಲಿ ಆ ಎರಡು ಸಾಲಿನವರು ನಿಂತಿರುತ್ತಾರೆ ಅಂತ ನೆನೆಸಿಕೊಂಡೆ. ಅವರು ಸಂಜೆ ಬರೆದಿದ್ದರು, "ಭಯ ಆಗ್ತಿದೆ. ನಾಳೆ ಹೇಳ್ತೀನಿ." ಬೆಳಿಗ್ಗೆ ಎದ್ದು ಎಲ್ಲಕ್ಕಿಂತ ಮೊದಲು ಆಪ್ ತೆರೆದೆ. ಪಯಣ ಮುಗಿಯಿತು, ಅಭಿನಂದನೆಗಳು ಅಂತ ಒಂದು ಚಿತ್ರ ಇತ್ತು. ಗುಂಪನ್ನು ಮುಚ್ಚಿಬಿಟ್ಟಿದ್ದರು.