ಬೊ ಡಿಡ್ಲಿಯ ಆಯತ ಗಿಟಾರೋ, ಚಕ್ ಬೆರ್ರಿಯ ಗಿಬ್ಸನ್ನೋ, ಬಡ್ಡಿ ಹಾಲಿಯ ಸ್ಟ್ರ್ಯಾಟೋ?

ಐವತ್ತರ ದಶಕದ ರಾಕ್ ಅಂಡ್ ರೋಲ್ ನುಡಿಸಲು ಯಾವ ಗಿಟಾರ್ ಕೊಳ್ಳಲಿ ಎಂದು ಕೇಳಿದ್ದೀರಿ. ಮೇಲೆ ಹೆಸರಿಸಿದ ಮೂವರೂ ಆ ಕಾಲದ ಅಮೆರಿಕನ್ ರಾಕ್ ಅಂಡ್ ರೋಲ್ ಗಾಯಕ-ಗಿಟಾರ್ ವಾದಕರು. ಮೊದಲು ಬೆಲೆ. ಹಾಲಿ ನುಡಿಸಿದ, 1954ರಲ್ಲಿ ಬಂದ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್‌ಗೆ (ಸ್ಟ್ರ್ಯಾಟ್) ಫೆಂಡರ್‌ನದೇ ಸ್ಕ್ವೈಯರ್ ಹೆಸರಿನಲ್ಲಿ ಅಗ್ಗದ ಮಾದರಿಗಳಿವೆ. ಬೆರ್ರಿ ಆಗ ಹಿಡಿದದ್ದು ಗಿಬ್ಸನ್ ಇಎಸ್-350ಟಿ. ಈಗ ಸುಲಭವಾಗಿ ಸಿಗುವುದು ಅದರ ಬಳಗದ ಇಎಸ್-335, ಗಿಬ್ಸನ್‌ನದೇ ಅಗ್ಗದ ಬ್ರ್ಯಾಂಡ್ ಎಪಿಫೋನ್‌ನಲ್ಲಾದರೆ ಕಡಿಮೆ ಬೆಲೆಗೆ. ಡಿಡ್ಲಿಗಾಗಿ ಗ್ರೆಚ್ ಕಂಪನಿ ಮಾಡಿಕೊಟ್ಟ ಆಯತಾಕಾರದ ಗಿಟಾರಿನ ಮರುಮಾದರಿಗಳು ಅಂಗಡಿಯಲ್ಲಿ ಅಪರೂಪ.

ನುಡಿಸುವ ಸುಖದಲ್ಲಿ ಇವು ತೀರಾ ಬೇರೆ. ಸ್ಟ್ರ್ಯಾಟ್‌ನ ಅಂಚುಗಳನ್ನು ಎದೆಗೂ ಮುಂಗೈಗೂ ಹೊಂದುವಂತೆ ಕೆತ್ತಲಾಗಿದೆ. ಆಯತ ಗಿಟಾರಿನಲ್ಲಿ ತೊಡೆ ಕೂರಲು ಸೊಂಟವೇ ಇಲ್ಲ, ನಿಂತು ನುಡಿಸುವುದೇ ಸಲೀಸು. ಸಾಮಾನ್ಯ ಕೇಸಿಗೂ ಅದು ಹಿಡಿಸದು.

ಬಾಳಿಕೆಗೆ ಬೋಲ್ಟ್ ಹಾಕಿ ಕೂರಿಸಿದ ಸ್ಟ್ರ್ಯಾಟ್ ಕತ್ತೇ ಮೇಲು, ಬೇಕಾದರೆ ಬಿಚ್ಚಿ ಬದಲಿಸಬಹುದು. ಗಿಬ್ಸನ್ ಸ್ಟ್ಯಾಂಡಿನಿಂದ ಬಿದ್ದರೆ ಕತ್ತು ತಲೆಗೆ ಸೇರುವಲ್ಲೇ ಸೀಳಬಹುದು, ಜೋಪಾನ.

ಇನ್ನು ನಾದ. ಬೆರ್ರಿಯಂತೆ ಎರಡೆರಡು ತಂತಿ ಒಟ್ಟಿಗೆ ಎಳೆದು ನುಡಿಸುವವರಿಗೆ 335ರ ತುಂಬುದನಿ ಬೇಕು. ಹಾಲಿಯ ಸ್ಪಷ್ಟ, ಗಣಗಣ ತಾಳಕ್ಕೆ ಸ್ಟ್ರ್ಯಾಟ್. ಡಿಡ್ಲಿಯ ಗತ್ತಿಗೆ ಮಾತ್ರ ಆಯತವೇ ಬೇಕೆಂದಿಲ್ಲ: ತಂತಿಗಳನ್ನು ಓಪನ್ ಇ ಶ್ರುತಿಗೆ (ಒತ್ತದೆ ಮೀಟಿದರೂ ಇ ಕಾರ್ಡ್ ಬರುವಂತೆ) ತಂದು, ಆಂಪ್ಲಿಫೈಯರಿನ ಟ್ರೆಮೊಲೊ (ದನಿ ಏರಿಳಿಸುವ ಕಂಪನ) ತೆರೆದು, ಬಲಗೈ ತಾಳ ಗಟ್ಟಿಯಾದರೆ ಸ್ಕ್ವೈಯರ್‌ನಲ್ಲೂ ಅದು ಬರುತ್ತದೆ. ವೇದಿಕೆಯಲ್ಲಿ ಆ ರೂಪವೇ ಕಣ್ಣಿಗೆ ಬೀಳಬೇಕು ಅನ್ನುವವರು ಗ್ರೆಚ್‌ಗಾಗಿ ಕಾಯಲಿ. ನನ್ನ ಮನಸ್ಸೂ ಅದರ ಮೇಲೇ ಇದೆ.