ನಿಫ್ಟಿ 50 ಇಂಡೆಕ್ಸ್ ಫಂಡ್: ಮಾರುಕಟ್ಟೆ ಕುಸಿದಾಗ ತಿಳಿಯುವ ಗುಣ

ದೇಶದ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡೇ ನಿಫ್ಟಿ 50 ಇಂಡೆಕ್ಸ್ ಫಂಡ್. ಇದರ ಡೈರೆಕ್ಟ್ ಪ್ಲಾನಿನಲ್ಲಿ (ವಿತರಕರಿಲ್ಲದೆ ನೇರವಾಗಿ ಕೊಳ್ಳುವ ಬಗೆ) ಹಲವು ವರ್ಷಗಳಿಂದ ಎಸ್‌ಐಪಿ (ತಿಂಗಳಿಗಿಷ್ಟೆಂದು ನಿಗದಿತ ಕಂತು) ಮೂಲಕ ಹಣ ತೊಡಗಿಸುತ್ತಿರುವ ನನಗೆ, ಇದರ ನಿಜವಾದ ಪರೀಕ್ಷೆ ನಡೆದದ್ದು 2020ರ ಮಾರ್ಚ್‌ನಲ್ಲಿ ಎನಿಸುತ್ತದೆ. ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ, ಕೊರೊನಾ ಭೀತಿಯಿಂದ ಮಾರ್ಚ್ 23ರಂದು 7,610ರ ಆಸುಪಾಸಿಗೆ ಇಳಿಯಿತು. ನನ್ನ ಪರಿಚಯದ ಕೆಲವರು ಫಂಡಿನಲ್ಲಿದ್ದ ತಮ್ಮ ಪಾಲುಗಳಾದ ಯೂನಿಟ್‌ಗಳನ್ನೆಲ್ಲ ಮಾರಿ ಬ್ಯಾಂಕ್ ಠೇವಣಿಗೆ ಮರಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಸೂಚ್ಯಂಕವು ಹಳೆಯ ಎತ್ತರವನ್ನು ದಾಟಿದಾಗ ಅವರ ಬಳಿ ಒಂದು ಯೂನಿಟ್ ಕೂಡ ಉಳಿದಿರಲಿಲ್ಲ.

ಎಸ್‌ಐಪಿಯ ಲೆಕ್ಕ ಸರಳವಾದದ್ದು. ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 100 ರೂಪಾಯಿ ಇದ್ದಾಗ 1,000 ರೂಪಾಯಿಗೆ 10 ಯೂನಿಟ್ ಸಿಕ್ಕರೆ, ಅದು 62.50ಕ್ಕೆ ಇಳಿದಾಗ ಅಷ್ಟೇ ಹಣಕ್ಕೆ 16 ಸಿಗುತ್ತವೆ. ಆದರೆ ಸ್ಟೇಟ್‌ಮೆಂಟಿನ ತುಂಬ ನಷ್ಟವೇ ಕಾಣುವ ತಿಂಗಳಲ್ಲಿ ಈ ಲೆಕ್ಕವನ್ನು ನಂಬಿ ಮುಂದುವರಿಯುವುದು ಬಹಳ ಕಷ್ಟ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದರ ಕಡಿಮೆ ವೆಚ್ಚ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಆದೇಶದಂತೆ 2013ರ ಜನವರಿಯಿಂದ ಜಾರಿಗೆ ಬಂದ ಡೈರೆಕ್ಟ್ ಪ್ಲಾನಿನಲ್ಲಿ ವಿತರಕರ ಕಮಿಷನ್ ಇಲ್ಲದಿರುವುದರಿಂದ, ಆ ಉಳಿತಾಯ ವರ್ಷದಿಂದ ವರ್ಷಕ್ಕೆ ಹೂಡಿಕೆಯಲ್ಲೇ ಬೆಳೆಯುತ್ತದೆ. ಆದರೆ ವಿತರಕರಿಲ್ಲದ ಕಾರಣ ಕುಸಿತದ ದಿನ ಧೈರ್ಯ ಹೇಳುವವರೂ ಇರುವುದಿಲ್ಲ ಎಂಬುದು ಹೊಸ ಹೂಡಿಕೆದಾರರಿಗೆ ಸಣ್ಣ ಕೊರತೆಯಲ್ಲ. ಮಾರುಕಟ್ಟೆ ಬಿದ್ದಷ್ಟೂ ಈ ಫಂಡ್ ಬೀಳುತ್ತದೆ, ಅದನ್ನು ತಡೆಯುವ ವ್ಯವಸ್ಥೆ ಇದರಲ್ಲಿಲ್ಲ. ಹಾಗಾಗಿ ಆರು ತಿಂಗಳ ಮನೆಖರ್ಚನ್ನು ಠೇವಣಿಯಲ್ಲಿಟ್ಟು, ಕನಿಷ್ಠ ಏಳು ವರ್ಷ ಬೇಕಾಗದ ಹಣವನ್ನು ಮಾತ್ರ ತೊಡಗಿಸುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮಗಳ ಮದುವೆಗೋ ಸೈಟಿನ ಕಂತಿಗೋ ಮುಂದಿನ ವರ್ಷವೇ ಹಣ ಬೇಕಾದವರಿಗೆ ಇದು ಸಲ್ಲದು.